ತಿರಕವ್ವನ ಮೂರು ಸೋರೆಕಾಯಿ

ನಾನು ಒಂದು ಬಿದಿರಿನ ಬುಟ್ಟಿ. ಹುಟ್ಟಿದ್ದು ಗದಗಿನ ಮೇದಾರ ಓಣಿಯಲ್ಲಿ. ನನ್ನನ್ನು ಹೆಣೆದ ಮುದುಕ ಬಿದಿರು ಸೀಳುತ್ತಾ ಇಡೀ ದಿನ ಸೊಸೆಯನ್ನು ಬೈಯುತ್ತಿದ್ದ. ಅದಕ್ಕೇ ಇರಬೇಕು, ನನ್ನ ಮಾತೂ ಸ್ವಲ್ಪ ಖಾರ.

ಸಂತೆಯಲ್ಲಿ ನನ್ನನ್ನು ತಿರುವಿ, ತಳ ಗುದ್ದಿ ನೋಡಿ ಕೊಂಡವರು ಎಸ್ತೇರಮ್ಮ. ಕುಷ್ಠರೋಗದ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಚರ್ಚಿನ ಸಭೆಯ ಹಿರಿಯರು ನನ್ನನ್ನು ಒಲೆಗೆ ಹಾಕಿಸಿಯಾರು.

ಚರ್ಚಿನ ಹಿಂದಿನ ಜಾಲಿಮುಳ್ಳು ಕಡಿಸಿ ಎಸ್ತೇರಮ್ಮ ತೋಟ ಮಾಡಿದ್ದರು. ಮೆಂತ್ಯೆ, ಬದನೆ, ಹೀರೆ, ಮೂಲೆಯಲ್ಲಿ ಎರಡು ನುಗ್ಗೆ. ಬೆಳೆದದ್ದೆಲ್ಲಾ ದಾನಕ್ಕೆ, ಸಭೆಯವರು ಒಂದು ಸೊಪ್ಪಿನ ಎಲೆಯನ್ನೂ ಮನೆಗೆ ಒಯ್ಯುವಂತಿಲ್ಲ. ಶನಿವಾರ ಬಂತೆಂದರೆ ನಾನು ಅವರ ತಲೆಯೇರಿ ಊರಾಚೆಯ ಕುಷ್ಠರೋಗಿಗಳ ಕಾಲನಿಗೆ ಹೊರಡುತ್ತಿದ್ದೆ. ಅಲ್ಲಿ ಹನ್ನೊಂದು ಮನೆ. ಕೊನೆಯದು ತಿರಕವ್ವನದು.

ತಿರಕವ್ವನಿಗೆ ರೋಗ ವಾಸಿಯಾಗಿ ಇಪ್ಪತ್ತು ವರ್ಷವಾಗಿತ್ತು. ಹೋದ ಬೆರಳುಗಳು ಮಾತ್ರ ತಿರುಗಿ ಬರಲಿಲ್ಲ. ಕಾಯಿಪಲ್ಲೆ ಸುರಿಸಿಕೊಂಡು "ದೇವ್ರು ನಿಮ್ಮನ್ನ ಚಲೋ ಇಟ್ಟಿರ್ಲಿ" ಅಂದು ಒಳಗೆ ಹೋಗುತ್ತಿದ್ದಳು. ಒಂದು ಶನಿವಾರ ಒಳಗೆ ಹೋಗಲಿಲ್ಲ.

"ಬಾಯಾರ, ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ," ಅಂದಳು. "ಇಷ್ಟ ವರ್ಷ ಬರೇ ಕೈ ಒಡ್ಡೂದ ಆತು. ಬೆರಳಿಲ್ಲದ ಕೈ ಒಡ್ಡಿದ್ರ ಮಂದಿ ಲಗೂ ಕೊಡತಾರ. ಸಾಯೂದ್ರಾಗ ಒಮ್ಮೆರ ನಾನೂ ಯಾರಿಗರ ಏನರ ಕೊಡಬೇಕ್ರಿ."

"ಏನ ಕೊಡತಿ?" ಎಂದರು ಎಸ್ತೇರಮ್ಮ.

ಅವಳು ಸೂರಿನಲ್ಲಿ ಸಿಕ್ಕಿಸಿದ್ದ ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಸೋರೆಬೀಜ.

ಅಲ್ಲಿಂದ ವಾರಕ್ಕೆ ಮೂರು ದಿನ ತಿರಕವ್ವ ತೋಟಕ್ಕೆ ಬಂದಳು. ಮಣಿಕಟ್ಟಿಗೆ ಕುರ್ಪಿ ಕಟ್ಟಿಸಿಕೊಂಡು ಕಳೆ ತೆಗೆದಳು, ಮೊಣಕೈಯಿಂದ ಮಣ್ಣು ಒತ್ತಿದಳು. ಸಭೆಯವರಿಗೆ ಇದು ಗೊತ್ತಾಗಲಿಲ್ಲ. ಅವರು ಬರುವುದು ಭಾನುವಾರ, ಅದೂ ಮುಂಬಾಗಿಲಿನಿಂದ. ಬಳ್ಳಿಯಲ್ಲಿ ಮೂರು ಕಾಯಿ ನಿಂತವು. ಕೂಸಿನ ತೊಡೆಯ ಹಾಗೆ ನುಣ್ಣಗೆ, ತುಂಬಿಕೊಂಡು! ಸುಗ್ಗಿ ಹಬ್ಬದವರೆಗೆ ಕತ್ತಿ ಮುಟ್ಟಿಸಬೇಡಿ ಎಂದು ಅವಳು ಎಸ್ತೇರಮ್ಮನಿಂದ ಮಾತು ತೆಗೆದುಕೊಂಡಳು.

ಚರ್ಚಿನ ಆ ಹಬ್ಬದಲ್ಲಿ ಒಂದು ಪದ್ಧತಿ. ಮನೆಮನೆಯ ಮೊದಲ ಫಲವನ್ನು ದೇವರ ಮುಂದಿಟ್ಟು, ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಕೂಗುತ್ತಾರೆ. ಒಂದು ನಿಂಬೆಹಣ್ಣಿಗೂ ಹತ್ತು ಕೈ ಏಳುತ್ತವೆ. ಗೆದ್ದವರು ಅದನ್ನು ಆಶೀರ್ವಾದವೆಂದು ಒಯ್ದು, ಮನೆಮಂದಿಯೆಲ್ಲಾ ಕೂತು ಉಣ್ಣುತ್ತಾರೆ. ತಿರಕವ್ವನಿಗೆ ಬೇಕಾದದ್ದು ಇಷ್ಟೇ. ತಾನು ಬೆಳೆದದ್ದನ್ನು ಯಾರಾದರೂ ಆಸೆಪಟ್ಟು ಒಯ್ಯಬೇಕು, ಉಣ್ಣಬೇಕು.

ಆ ದಿನ ಅವಳು ಒಗೆದ ಸೀರೆ ಉಟ್ಟು ಗೇಟಿನ ಬೇವಿನ ಕೆಳಗೆ ಕೂತಳು. ಎಸ್ತೇರಮ್ಮ ಎಷ್ಟು ಕರೆದರೂ ಒಳಗೆ ಬರಲಿಲ್ಲ. ಹರಾಜು ಕೂಗುತ್ತಿದ್ದವರು ಹಿರಿಯರಾದ ಜಯವಂತಪ್ಪ. ಮೂರು ಕಾಯಿ ಹೊತ್ತ ನನ್ನನ್ನು ಮೇಲೆತ್ತಿದ್ದೇ ತಡ, ಕೈಗಳು ಎದ್ದವು, ಕೂಗಾಟವೋ ಕೂಗಾಟ. ಬೇವಿನ ಕೆಳಗೆ ತಿರಕವ್ವ ಮೊಣಕಾಲ ಮೇಲೆ ಎದ್ದು ನಿಂತು ನೋಡುತ್ತಿದ್ದಳು.

ಆಗ ಎಸ್ತೇರಮ್ಮನಿಗೆ ಸುಮ್ಮನಿರಲಾಗಲಿಲ್ಲ. "ಒಂದ ಸಾಕ್ಷಿ ಹೇಳತೀನ್ರಿ," ಎಂದು ಮುಂದೆ ಬಂದರು. "ಈ ಕಾಯಿ ಬೆಳದಾಕಿ ನಮ್ಮ ಕಾಲನ್ಯಾಗಿನ ತಿರಕವ್ವ. ಅಲ್ಲೇ ಕುಂತಾಳ ನೋಡ್ರಿ. ತನ್ನ ಕೈಲೇ ಬೆಳದು ದೇವರಿಗೆ ಕೊಟ್ಟಾಳ!"

ಅಯ್ಯೋ ನನ್ನ ತಾಯಿ! ಇದನ್ನು ಕೇಳಿದರೆ ಕೂಗು ಇನ್ನೂ ಮೇಲೇರುತ್ತದೆ ಎಂದುಕೊಂಡಿದ್ದರು. ಜೀವಮಾನವೆಲ್ಲಾ ಆ ಕೈಗಳಿಗೆ ಪಟ್ಟಿ ಕಟ್ಟಿದವರಿಗೆ, ಉಳಿದವರು ಅವನ್ನು ಹೇಗೆ ನೋಡುತ್ತಾರೆಂಬುದು ಮರೆತೇ ಹೋಗಿತ್ತು.

ಎತ್ತಿದ ಕೈಯೊಂದು ತಲೆ ಕೆರೆದುಕೊಂಡಿತು. ಇನ್ನೊಂದು ಸೆರಗು ಸರಿಮಾಡಿಕೊಂಡಿತು. ಜಯವಂತಪ್ಪ ಎರಡು ಸಲ ಕೂಗಿದರು. ಒಂದು ಕೈಯೂ ಏಳಲಿಲ್ಲ.

ಜಯವಂತಪ್ಪ ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. "ಹಿಂಗ ಮಾಡೂಣ್ರಿ," ಎಂದರು. "ಈ ಬುಟ್ಟಿ ಹರಾಜ ಬ್ಯಾಡ. ಸಭೆ ಪರವಾಗಿ ಆ ಬಡವಿಗೇ ದಾನಾ ಕೊಟ್ಟಬಿಡೂಣು."

ಎಂಥಾ ಚಪ್ಪಾಳೆ! ಎಲ್ಲರಿಗೂ ಎದೆ ಹಗುರವಾಯಿತು. ನಾಲ್ಕು ಜನ ಹಿರಿಯರು ಗೇಟಿನವರೆಗೆ ನನ್ನನ್ನು ಹೊತ್ತು ತಂದರು, ಫೋಟೋ ತೆಗೆಸಿಕೊಂಡರು. ತಿರಕವ್ವನ ಕೈ ರೂಢಿಯಂತೆ ತಾನಾಗಿಯೇ ಮುಂದೆ ಬಂತು. "ದೇವ್ರು ನಿಮ್ಮನ್ನ ಚಲೋ ಇಟ್ಟಿರ್ಲಿ," ಎಂದಳು. ನನಗೆ ಆ ಗಳಿಗೆಯಲ್ಲೇ ತಳ ಕಳಚಿ ಬೀಳಬೇಕೆನಿಸಿತು.

ಆ ಕಾಯಿಗಳನ್ನು ಅವಳು ಅಡುಗೆ ಮಾಡಲಿಲ್ಲ. ಅವು ನನ್ನೊಳಗೇ ಕೊಳೆತವು. ಅವಳು ತೋಟಕ್ಕೆ ಮತ್ತೆ ಹೋಗಲಿಲ್ಲ. ನನ್ನನ್ನು ವಾಪಸು ಕೊಡಿ ಎಂದು ಸಭೆಯವರು ಕೇಳಲೂ ಇಲ್ಲ. ಅವಳ ಮನೆಯ ಬುಟ್ಟಿ ಯಾರಿಗೆ ಬೇಕು? ಈಗ ಎಸ್ತೇರಮ್ಮ ಶನಿವಾರ ಪ್ಲಾಸ್ಟಿಕ್ ಚೀಲದಲ್ಲಿ ಬದನೆಕಾಯಿ ತರುತ್ತಾರೆ. ನನ್ನ ಅಂಚು ಬಿಚ್ಚಿದೆ, ತಳಕ್ಕೆ ಗೆದ್ದಲು ಹತ್ತಿದೆ, ಒಲೆಯ ಪಕ್ಕ ಕುಳ್ಳು ತುಂಬಿಕೊಂಡು ಕೂತಿದ್ದೇನೆ.

ಹಬ್ಬವಾದ ಎರಡು ತಿಂಗಳಿಗೆ ಆ ಫೋಟೋ ಸಭೆಯ ಪತ್ರಿಕೆಯಲ್ಲಿ ಬಂತು. ಎಸ್ತೇರಮ್ಮ ಅದನ್ನು ಬಚ್ಚಿಡಲು ನೋಡಿದರು, ಆಗಲಿಲ್ಲ.

"ಕೆಳಗ ಏನ ಬರದಾರ, ಓದ್ರಿ ಬಾಯಾರ," ಎಂದಳು ತಿರಕವ್ವ.

ಅಲ್ಲಿ ಅಚ್ಚಾಗಿದ್ದದ್ದು: "ಸಭೆಯ ಹಿರಿಯರಿಂದ ಕುಷ್ಠರೋಗಿಯೊಬ್ಬಳಿಗೆ ತರಕಾರಿ ದಾನ."

ಎಸ್ತೇರಮ್ಮ ಕನ್ನಡಕ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ನಾನು ಕಂಡಂತೆ ಒಂದು ಸುಳ್ಳೂ ಆಡದವರು, ಒಂದೊಂದೇ ಪದ ಬಿಡಿಸಿ ಓದಿದರು: "ಸುಗ್ಗಿ ಹಬ್ಬಕ್ಕೆ ಸೋರೆಕಾಯಿ ಅರ್ಪಿಸಿದ ತಿರಕವ್ವ."

"ಹೆಸರ ಹಾಕ್ಯಾರ?"

"ಹೂಂ, ಹಾಕ್ಯಾರ."

ತಿರಕವ್ವ ಆ ಹಾಳೆಯನ್ನು ಗಂಜಿ ಹಚ್ಚಿ ನನ್ನ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ದಿನಾ ಮುಂಜಾನೆ ಅದರ ಮುಂದೆ ನಿಂತು ಹೋಗುತ್ತಾಳೆ. ಊರಿನ ಓದು ಬಲ್ಲವರು ಯಾರಾದರೂ ಒಳಗೆ ಬಂದಾರೆಂದು ನನಗೆ ಮೊದಮೊದಲು ಜೀವ ಹಾರುತ್ತಿತ್ತು. ಈಗ ಆ ಹೆದರಿಕೆಯಿಲ್ಲ. ಎಸ್ತೇರಮ್ಮನ ಹೊರತು ಇನ್ನಾರೂ ಈ ಹೊಸಿಲು ದಾಟುವುದಿಲ್ಲ.