ಹೇಮಾಳ ಉಡಿ

ಬಳ್ಳಾರಿಯ ಜೀನ್ಸ್ ಕಾರ್ಖಾನೆ, ಸಿರುಗುಪ್ಪದ ರೈಸ್ ಮಿಲ್ಲು ಸುಭಾಷನ ಉಸ್ತುವಾರಿ. ದುಬೈನ ಮಳಿಗೆ ತಂಗಿ ಹೇಮಾಳದು. ಮಾಲು ಇಲ್ಲಿ ಹೊಲಿದರೂ ಹೊರದೇಶದ ಗಿರಾಕಿಗಳನ್ನು ಹುಡುಕಿ ತಂದವಳು ಅವಳೇ. ಅಪ್ಪ ತೀರಿಕೊಂಡ ಮೇಲೆ ಎಲ್ಲವನ್ನೂ ಒಂದು ಟ್ರಸ್ಟಿಗೆ ಸೇರಿಸಿ, ಮನೆತನಕ್ಕೊಂದು ಕಟ್ಟಳೆ ಮಾಡೋಣ ಎಂದವಳೂ ಅವಳೇ.

"ನಾಳೆ ಮಕ್ಕಳು ಕೋರ್ಟಿಗೆ ಅಲಿಬಾರ್ದು ಅಣ್ಣ. ನೀನೇ ಬರೆಸು, ನಾ ಬಂದು ಸಹಿ ಹಾಕ್ತೀನಿ" ಎಂದಿದ್ದಳು ಫೋನಿನಲ್ಲಿ.

ಅಣ್ಣ ಬರೆಸಿದ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಲಾಭದಲ್ಲಿ ಪಾಲು ಉಂಟು, ತೀರ್ಮಾನದಲ್ಲಿ ಮಾತಿಲ್ಲ ಎಂದೂ ಬರೆಸಿದ. "ತಂಗಿಯವರಿಗೆ ತಿಳಿಸಿದ್ದೀರಾ?" ಎಂದು ಕಾಗದ ಬರೆದುಕೊಟ್ಟ ಸಲಹೆಗಾರ ಕೇಳಿದರೆ ಹ್ಞೂಂ ಅಂದ. ನಾಳೆ ಅವಳ ಗಂಡ ಬಂದು ಕುರ್ಚಿ ಎಳೆದುಕೊಂಡು ಕೂತರೆ ಎಂದು ತನಗೆ ತಾನೇ ನೆಪ ಹೇಳಿಕೊಂಡ. ಪಾಪ, ಆ ಗಂಡ ಇವತ್ತಿನವರೆಗೂ ಮಿಲ್ಲಿನ ಗೇಟು ದಾಟಿದವನಲ್ಲ.

ಹೇಮಾ ಬಂದಳು. ಬೆಳಿಗ್ಗೆ ಕುರುಗೋಡು ಬಸವಣ್ಣನಿಗೆ ಅಣ್ಣನ ಹೆಸರಿನಲ್ಲೇ ಪೂಜೆ ಮಾಡಿಸಿ, ಅದೇ ಸೀರೆಯಲ್ಲಿ ಪಾರ್ವತಿನಗರದ ತವರುಮನೆಗೆ ಬಂದು ಕೂತಳು. ಅವಳು ಕೊಟ್ಟ ಪ್ರಸಾದವನ್ನು ಸುಭಾಷ ಬಾಯಿಗೆ ಹಾಕದೆ ಕಿಸೆಗಿಟ್ಟುಕೊಂಡ.

"ಯಾರಿಗಾದರೂ ಅನುಮಾನ ಇದ್ದರೆ ಈಗಲೇ ಹೇಳಿ" ಎಂದ ಸಲಹೆಗಾರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಸುಭಾಷ ಯಾರೂ ಕೇಳದೆಯೇ "ಎಲ್ಲಾ ಸರಿ ಐತಿ" ಅಂದುಬಿಟ್ಟ. ಹಾಳೆ ತಿರುವುತ್ತಿದ್ದ ಹೇಮಾಳ ಬೆರಳು ಮದುವೆಯಾದ ಹೆಣ್ಣುಮಕ್ಕಳ ಸಾಲಿನ ಮೇಲೆ ನಿಂತಿತು. ಅವಳು ತಲೆಯೆತ್ತಿ ಅಣ್ಣನನ್ನು ನೋಡಿದಳು. ಈಗಲೂ ಅವನು ಒಂದು ಮಾತು ಹೇಳಿದ್ದರೆ ಅವಳ ನಂಬಿಕೆ ಉಳಿಯುತ್ತಿತ್ತು. ಅವನು ನೀರಿನ ಲೋಟ ಎತ್ತಿಕೊಂಡ. ಅವಳು ಸಹಿ ಹಾಕಿದಳು. ಸಲಹೆಗಾರ ಕಾಗದ ತೆಗೆದುಕೊಂಡು ಹೊರಟ.

ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿ ಕಳಿಸುವುದು ಪದ್ಧತಿ. ಹೇಮಾ ಮಾತ್ರ ಎಂದೂ ತುಂಬಿಸಿಕೊಂಡವಳಲ್ಲ. "ನಾ ಏನು ಬೀಗರಾಕಿ ಅದೀನೇನು? ಇದು ನನ್ನ ಮನಿ" ಎಂದು ನಕ್ಕು ಅಕ್ಕಿಯನ್ನು ಡಬ್ಬಿಗೇ ಸುರಿಯುತ್ತಿದ್ದಳು. ಸುಭಾಷನ ಹೆಂಡತಿ ನೇತ್ರಾ ಕೇಳುವುದನ್ನೇ ಬಿಟ್ಟಿದ್ದಳು.

ಇವತ್ತು ಹೊಸ್ತಿಲ ಬಳಿ ಹೇಮಾ ತಾನೇ ಸೆರಗು ಒಡ್ಡಿ ನಿಂತಳು.

"ಅತ್ತಿಗಿ, ಉಡಿ ತುಂಬ್ರಿ."

"ಇವತ್ತೇನಾತು ನಿನಗ?" ಎಂದಳು ಏನೂ ಅರಿಯದ ನೇತ್ರಾ.

"ಅಣ್ಣನ್ನ ಕೇಳ್ರಿ."

ಸುಭಾಷನಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. "ಹೇಮಾ..." ಅಂದ. ನೇತ್ರಾ ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ಇಟ್ಟು, ಸಿರುಗುಪ್ಪದ ತಮ್ಮದೇ ಮಿಲ್ಲಿನ ಅಕ್ಕಿಯನ್ನು ಬೊಗಸೆಯಲ್ಲಿ ಹಾಕತೊಡಗಿದಳು. ಹೇಮಾ ಒಂದು ಕಾಳೂ ಚೆಲ್ಲದಂತೆ ಸೆರಗು ಕಟ್ಟಿಕೊಂಡು, ಬೀಗರು ಹೇಳುವ ಹಾಗೆ "ಬರ್ತೀನ್ರಿ" ಎಂದು ಅಣ್ಣನಿಗೂ ಹೇಳಿ ಹೊರಟಳು.