ಊದಿದರೆ ಆರದ ದೀಪ

"ಇಲಿ ತಿನ್ನೋ ಜಾತಿಗೆ ಸೂರಿನ್ ಮ್ಯಾಲೆ ಕನ್ನಡಿ ಬೇರೆ ಕೇಡು! ಮಖ ನೋಡ್ಕಂಡು ದೊಡ್ ಕುಲ್ದೋರು ಆಗ್ತೀರೇನ್ರೇ?"

ನವಲ್ ಬಾಬು ಬದುವಿನ ಮೇಲೆ ಛತ್ರಿ ಹಿಡಿದು ನಿಂತಿದ್ದ. ಕೆಸರುಗದ್ದೆಯಲ್ಲಿ, ಇಲಿ ಹಿಡಿದು ಬದುಕುವ ಮುಸಹರ ಕೇರಿಯ ಹೆಂಗಸರು ಸಾಲಾಗಿ ಬಗ್ಗಿ ಪೈರು ನಾಟುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ಗದ್ದೆಯೂ ಅವನದು, ಕೇರಿ ಕೂತ ನೆಲವೂ ಅವನದು. ಸೀಮೆಎಣ್ಣೆ ಕೊಡುವ ರೇಷನ್ ಅಂಗಡಿ ಅವನ ತಮ್ಮನದು.

"ಮಹಡಿ ಮ್ಯಾಲೆ ಕೂತ್ರೆ ನಿಮ್ ಸೋಲಾರ್ ತಗಡು ನನ್ ಕಣ್ಗೇ ಹೊಡೀತದೆ. ನಾಳೀಕೆ ಎಲ್ಲಾ ಕಿತ್ತಾಕ್ಬೇಕು. ನಿಮ್ಮಜ್ಜೀರು ಎಣ್ಣೆ ಬುಡ್ಡೀಲಿ ಬಾಳ್ಲಿಲ್ವಾ?"

ಸಾಲಿನ ಕೊನೆಯಲ್ಲಿದ್ದವಳು ಇಪ್ಪತ್ತೈದರ ತೇತ್ರಿ, ಸುಗಿಯಾಳ ಸೊಸೆ. ಅವಳ ಬಾಯಿ ಸುಮ್ಮನಿರಲಿಲ್ಲ. "ಗದ್ದೆ ನಿಮ್ದು, ಸರಿ. ಸೂರ್ಯನೂ ನಿಮ್ಮಪ್ಪಂದಾ ಬಾಬು?"

ಯಾರೋ ಕಿಸಕ್ಕೆಂದರು. ನವಲ್ ಬಾಬು ಛತ್ರಿ ಮಡಿಸಿ ಗದ್ದೆಗಿಳಿದ. ಛತ್ರಿಯ ಹಿಡಿ ತೇತ್ರಿಯ ಕಿವಿಯ ಮೇಲೆ ಬಿತ್ತು. ಅವಳು ಕುಸಿದೊಡನೆ ಕತ್ತಿನ ಮೇಲೆ ಜೋಡಿನ ಕಾಲಿಟ್ಟು ಮುಖವನ್ನು ಕೆಸರಿಗೆ ಒತ್ತಿದ. ಉಸಿರು ಗುಳುಗುಳು ಎಂದು ಮೇಲೆ ಬರುತ್ತಿತ್ತು. ಸುಗಿಯಾ ಓಡಿಬಂದು ಅವನ ಕಾಲು ತಬ್ಬಿಕೊಂಡಳು.

"ಬುಟ್ಬುಡಿ ಬಾಬು! ಬುದ್ಧಿ ಇಲ್ದ ಮುಂಡೇದು!"

ಸುಗಿಯಾಳ ಎದೆಗೊಂದು ಒದೆ ಕೊಟ್ಟು ನವಲ್ ಬಾಬು ಬದು ಹತ್ತಿದ. "ಇವ್ಳ ಗಂಡ ಪಂಜಾಬ್ನಲ್ಲಿ ಇಟ್ಟಿಗೆ ಸುಡ್ತಾವ್ನೆ ಅಲ್ವೇನೇ ಮುದುಕಿ? ಸಂಜೆ ನಾನೇ ಬತ್ತೀನಿ. ನಿಮ್ ದೀಪ ಎಷ್ಟು ಬೆಳಗ್ತದೆ ನೋಡ್ತೀನಿ."

ಹೆಂಗಸರ ಕೈಗಳು ಒಂದು ಗಳಿಗೆ ನಿಂತವು. ಆಮೇಲೆ ಮತ್ತೆ ನಾಟತೊಡಗಿದವು.

ಬಾಬು ಬರುತ್ತೇನೆ ಎಂದರೆ ಏನೆಂದು ಕೇರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಬಾಬುಗಳ ಜೋಡಿನ ಸದ್ದು ಕೇಳಿದರೆ ಮನೆಮನೆಯ ಬುಡ್ಡಿ ಆರುತ್ತಿತ್ತು. ಕಂಡವರಿಗೂ ಉಳಿಗಾಲವಿಲ್ಲ, ಹಾಗಾಗಿ ಯಾರೂ ಕಾಣಬಾರದು. ನುಗ್ಗಿದ ಗುಡಿಸಲಿನ ಬುಡ್ಡಿಯನ್ನು ಮಾತ್ರ ಬಾಬುವೇ ಊದುತ್ತಿದ್ದ. ಸುಗಿಯಾಳ ಬುಡ್ಡಿಯನ್ನು ಊದಿದವನು ಇವನ ಅಪ್ಪ. ಅವಳು ಆಗ ಹರೆಯದವಳು. ಗಂಡನನ್ನು ಎಳೆದುಕೊಂಡು ಠಾಣೆಗೆ ಹೋಗಿದ್ದಳು.

"ಕತ್ಲಿತ್ತು ಅಂತೀಯ. ಮಖ ಕಂಡ್ಯಾ?" ಎಂದಿದ್ದ ದಾರೋಗ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ.

"ವಾಸ್ನೆ ಗೊತ್ತಾಯ್ತು ಸಾಯೇಬ್ರೆ. ಮೀಸೆಗೆ ಹಚ್ಚೋ ಅತ್ತರು."

"ಅತ್ತರಿನ್ ಮ್ಯಾಲೆ ಕೇಸ್ ಹಾಕ್ಲೇನೇ, ಹಾದರಗಿತ್ತಿ?"

ಅವಳ ಗಂಡನ ಬೆನ್ನ ಮೇಲೆ ಲಾಠಿ ಮುರಿಯಿತು. ಅವತ್ತಿನಿಂದ ಸುಗಿಯಾ ಬುಡ್ಡಿಯನ್ನು ಬಾಯಿಂದ ಊದಿದವಳಲ್ಲ. ಆ ಸದ್ದೇ ಅವಳಿಗೆ ಆಗದು. ಬೆರಳಿಗೆ ಉಗುಳು ಹಚ್ಚಿ ಬತ್ತಿ ಚಿವುಟುತ್ತಿದ್ದಳು. ಎರಡು ಬೆರಳ ತುದಿ ಸುಟ್ಟು ಸುಟ್ಟು ಕರ್ರಗೆ ಜಡ್ಡುಗಟ್ಟಿದ್ದವು.

ಹೋದ ಚಳಿಗಾಲದಲ್ಲಿ ಪಕ್ಕದೂರಿನ ಹೆಂಗಸರ ಸಂಘದವರು ಬಂದು ಮನೆಗೊಂದು ಸೋಲಾರ್ ದೀಪ ಹಾಕಿದರು. ಮೊದಲ ಸಂಜೆ ಕೇರಿಗೆ ಕೇರಿಯೇ ಬಲ್ಬಿಗೆ ಬಾಯಿಯೊಡ್ಡಿ ಊದಿತು. ಸುಗಿಯಾ ಉಗುಳು ಹಚ್ಚಿದ ಬೆರಳಲ್ಲಿ ಬಲ್ಬನ್ನೇ ಚಿವುಟಲು ಹೋದಳು. ತಂತಿ ಎಳೆಯುತ್ತಿದ್ದ ಸಂಘದ ಕಲ್ಪತಿಯಾ ಬಿದ್ದು ಬಿದ್ದು ನಕ್ಕಳು.

"ಕಾಕಿ, ಇದು ಚಿವುಟಿದ್ರೂ ಆರಕಿಲ್ಲ, ಊದಿದ್ರೂ ಆರಕಿಲ್ಲ! ಸ್ವಿಚ್ ಒತ್ಬೇಕು."

ಸುಗಿಯಾ ನಗಲಿಲ್ಲ. "ಯಾರ್ ಊದಿದ್ರೂ ಆರಕಿಲ್ವಾ?"

"ಬಿರುಗಾಳಿ ಊದಿದ್ರೂ ಆರಕಿಲ್ಲ."

"ಹಂಗಾರೆ ಸ್ವಿಚ್ಚು ಈ ಕಾಳು ತುಂಬೋ ಮಣ್ಣಿನ ವಾಡೆ ಹಿಂದ್ಗಡೆ ಇಕ್ಕು. ಬಂದೋರ್ ಕಣ್ಗೆ ಬೀಳ್ಬಾರ್ದು."

ಬಾಬು ಗದ್ದೆಯಲ್ಲಿ ಬೆದರಿಸಿ ಹೋದ ದಿನ ಸಂಜೆ, ಒಲೆಯ ಬೂದಿ ಇನ್ನೂ ಬಿಸಿಯಿದ್ದಾಗಲೇ ಜೋಡಿನ ಸದ್ದು ಬಂತು. ಎದುರು ಗುಡಿಸಲಿನ ದೀಪ ಟಿಕ್ಕೆಂದು ಆರಿತು. ಅದರ ಪಕ್ಕದ್ದೂ ಆರಿತು. ಕೇರಿಯುದ್ದಕ್ಕೂ ಸ್ವಿಚ್ಚುಗಳು ಟಿಕ್ ಟಿಕ್ ಎಂದವು. ದೀಪ ಹೊಸದು ಬಂದರೇನು, ಹೆದರಿಕೆ ಹಳೆಯದೇ ಇತ್ತು.

ತೇತ್ರಿಯೂ ವಾಡೆಯ ಹಿಂದೆ ಕೈ ಹಾಕಿದಳು. ಸುಗಿಯಾ ಆ ಕೈ ಹಿಡಿದು ಎಳೆದಳು.

"ಮುಟ್ಬ್ಯಾಡ."

"ಅತ್ತೆ, ಮಖ ಕಂಡ್ರೆ ಕೊಂದೇ ಹಾಕ್ತಾನೆ!"

"ಕಾಣ್ದಿದ್ರೂ ಕೊಂದಾಕಿದ್ರಲ್ಲೇ ನನ್ನ."

ಸುಗಿಯಾ ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ಬಾಗಿಲ ಪಕ್ಕದ ಗೋಡೆಗೆ ಒತ್ತಿ ನಿಂತಳು. ಇಲಿಯ ಬಿಲ ಅಗೆಯುವ ಹಾರೆ ಅದು. ಉಳಿದ ಬಿಲಗಳಿಗೆಲ್ಲ ಮಣ್ಣು ಮೆತ್ತಿ, ಒಂದೇ ಬಿಲದ ಬಾಯಲ್ಲಿ ಉಸಿರು ಬಿಗಿಹಿಡಿದು ಕಾಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನವಲ್ ಬಾಬು ತಡಿಕೆ ಒದ್ದು ಒಳಬಂದ. ನೆಟ್ಟಗೆ ಬಲ್ಬಿನ ಹತ್ತಿರ ಹೋಗಿ, ಕೆನ್ನೆ ಉಬ್ಬಿಸಿ, ಫೂ ಎಂದು ಊದಿದ.

ಅವನ ಮನೆಯಲ್ಲಿ ಗೋಡೆಗೊಂದು ಸ್ವಿಚ್ಚಿತ್ತು. ಆದರೆ ಈ ಕೇರಿಯ ಗುಡಿಸಲುಗಳಲ್ಲಿ ಅವನ ಬಾಯಿಗೆ ಗೊತ್ತಿದ್ದ ಕೆಲಸ ಅದೊಂದೇ. ಮತ್ತೊಮ್ಮೆ ಊದಿದ. ಉಗುಳು ಬಲ್ಬಿಗೆ ಸಿಡಿಯಿತು. ಬೆಳಕು ಅಲುಗಲೂ ಇಲ್ಲ.

ವಾಡೆಗೆ ಒತ್ತಿಕೊಂಡು ನಿಂತಿದ್ದ ತೇತ್ರಿಗೆ ತಡೆಯಲಾಗದೆ ನಗು ಬಂತು. "ಊದಿ ಬಾಬು, ಇನ್ನೂ ಜೋರಾಗಿ ಊದಿ!"

ಅವನ ಮುಷ್ಟಿ ಅವಳ ಬಾಯಿಗೆ ಬಿತ್ತು. ಹಲ್ಲು ಮುರಿಯಿತು. ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಚಚ್ಚಿದ. "ಎಲ್ಲೇ ಸ್ವಿಚ್ಚು? ಎಲ್ಲೇ, ಬೋಸುಡಿ?" ಒಂದೊಂದು ಏಟಿಗೂ ಗೋಡೆಯ ಮಣ್ಣು ಉದುರಿತು. ಬುಡ್ಡಿಯ ಬೆಳಕಲ್ಲಿ ರಕ್ತ ಯಾವಾಗಲೂ ಕಪ್ಪಗೇ ಕಂಡಿತ್ತು ಸುಗಿಯಾಳಿಗೆ. ಈಗ ಕೆಂಪಗೆ ಕಂಡಿತು.

ಹಾರೆ ಅವನ ಮಂಡಿಗೆ ಬಿತ್ತು. ಮೂಳೆ ಸೌದೆಯಂತೆ ಲಟಕ್ಕೆಂದಿತು. ಬಿದ್ದವನ ಕೈಯಲ್ಲಿ ಇನ್ನೂ ಜಡೆಯಿತ್ತು. ಎರಡನೆಯ ಏಟು ಆ ಕೈಗೆ ಬಿತ್ತು.

"ಆರಿಸ್ರೋ! ದೀಪ ಆರಿಸ್ರೋ ಸೂಳೇಮಕ್ಳಾ!" ಎಂದು ಕಿರುಚುತ್ತ ನವಲ್ ಬಾಬು ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡ.

ಎದುರು ಗುಡಿಸಲಿನ ದೀಪ ಹತ್ತಿತು. ಅದರ ಪಕ್ಕದ್ದು ಹತ್ತಿತು. ಆಮೇಲೆ ಅದರಾಚೆಯದು. ಬೆಳಿಗ್ಗೆ ತಲೆ ಎತ್ತದೆ ಪೈರು ನಾಟಿದ ಹೆಂಗಸರು ಬಂದು ಬಾಗಿಲು ತುಂಬಿ ನಿಂತರು.

ಸುಗಿಯಾ ಹಾರೆಯ ಮೊನೆಯನ್ನು ಅವನ ಗಂಟಲಿಗೆ ಊರಿದಳು. ಜಡ್ಡುಗಟ್ಟಿದ ಎರಡು ಬೆರಳಿಂದ ಟವೆಲ್ಲಿನ ತುದಿ ಹಿಡಿದು ಕಿತ್ತೆಸೆದಳು.

"ಒಳೀಕ್ ಬನ್ರೇ. ಮಖ ನೋಡ್ಕಳಿ. ಮೀಸೆ ನೋಡ್ಕಳಿ. ನಾಳೀಕೆ ದಾರೋಗ ಕೇಳ್ತಾನೆ, ಕತ್ಲಲ್ಲಿ ಹೆಂಗ್ ಕಂಡ್ರಿ ಅಂತ."

ಒಬ್ಬೊಬ್ಬರೇ ಬಗ್ಗಿ ನೋಡಿದರು. ನವಲ್ ಬಾಬು ನೆಲದಿಂದ ಕತ್ತು ನೀಡಿ, ಎಟುಕದ ಬಲ್ಬಿನ ಕಡೆಗೆ ಫೂ ಫೂ ಎಂದು ಊದುತ್ತಲೇ ಇದ್ದ.