ಅಕ್ಕನ ಹೆಸರಿನ ವೈರು

"ಲೋ ಬೋಳಿಮಗನೇ, ಫೋನ್ ಎತ್ತೋಕೆ ಏನೋ ರೋಗ ನಿಂಗೆ? ಆಗಿಂದ ಬಡ್ಕೋತಾ ಇದೀನಿ, ಕಿವಿಗೇನು ಸೀಸ ಹುಯ್ಕೊಂಡಿದೀಯಾ?"

ಕಂಬದ ಮೇಲಿದ್ದವನು ಕೆಳಗೆ ನೋಡಿದ. ಒಂದು ಕೈಯಲ್ಲಿ ವೈರು, ಇನ್ನೊಂದು ಕೈಯಲ್ಲಿ ಕಂಬ. ಫೋನ್ ಎತ್ತಲು ಮೂರನೆಯ ಕೈ ಬೇಕಿತ್ತು. ಹಾಗಂತ ಹೇಳೋಣವೆಂದರೆ ಬಾಯಿಯೂ ಖಾಲಿ ಇರಲಿಲ್ಲ, ಹಲ್ಲಿನ ನಡುವೆ ಕಟಿಂಗ್ ಪ್ಲೇಯರ್ ಕಚ್ಚಿಕೊಂಡಿದ್ದ. ಕಾರಿನ ಗಾಜು ಇಳಿಸಿ ಬಯ್ಯುತ್ತಿದ್ದವನು ಇಂಟರ್‌ನೆಟ್ ಕಂಪನಿಯ ಧಣಿ. ಆ ಭಾಗದ ಮನೆಮನೆಗೂ ಇಂಟರ್‌ನೆಟ್ ಕೊಡುವವನು ಅವನೇ. ಕಂಬ ಹತ್ತುವವನು ಮಾತ್ರ ಬೇರೆ.

"ಇಳಿಯೋ ಕೆಳಗೆ! ಠಾಣೆ ಸಾಹೇಬ್ರು ಆಫೀಸಲ್ಲಿ ಬಂದು ಕೂತಿದಾರೆ. ವೈರು ಎಳೆಯೋನ ಮೂತಿ ನೋಡ್ಬೇಕಂತೆ. ಕಾರಲ್ಲಿ ನಿನ್ನ ಏಣಿ ಹಿಡಿಯಲ್ಲ, ಓಡ್ಕೊಂಡು ಬಾ."

ಏಣಿ ಇಲ್ಲದಿದ್ದರೂ ಆ ಕಾರು ಅವನನ್ನು ಹಿಡಿಯುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿದ್ದ ಮಾತು.

ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು. ಅದನ್ನು ಹಿಡಿದು ಕರೆಯುವವಳು ಅಕ್ಕ ಒಬ್ಬಳೇ. ಮಿಕ್ಕವರ ಬಾಯಲ್ಲಿ ಅವನು ಏಣಿ. ಬಿದಿರಿನ ಉದ್ದನೆಯ ಏಣಿ, ಬುಡಕ್ಕೆ ಜಾರದಂತೆ ಕಟ್ಟಿದ ಹಳೇ ಟೈರಿನ ತುಂಡು, ಮುರಿದ ಮೆಟ್ಟಿಲೊಂದರ ಜಾಗದಲ್ಲಿ ಕಬ್ಬಿಣದ ಪೈಪು. ಬೀದಿಯ ತಿರುವಿನಲ್ಲಿ ಮೊದಲು ಅದು ಕಾಣಿಸುತ್ತಿತ್ತು, ಹಿಂದಿನಿಂದ ಅವನು. ಅದನ್ನು ಹೆಗಲಿಗೇರಿಸಿಕೊಂಡು ಕಾರಿನ ಹಿಂದೆ ಓಡಿದ.

ಆಫೀಸಿನಲ್ಲಿ ಧಣಿಯ ಕುರ್ಚಿಯ ಮೇಲೆ ಸಾಹೇಬ ಕೂತಿದ್ದ. ಧಣಿ ಎದುರಿನ ಕುರ್ಚಿಯ ಅಂಚಿನಲ್ಲಿ, ಹೆಣ್ಣು ಕೊಡಲು ಬಂದವನಂತೆ ಕೈಕಟ್ಟಿ ಕೂತಿದ್ದ. ಏಣಿ ಒಳಗೆ ಕಾಲಿಡಹೋದ.

"ಅಲ್ಲೇ, ಅಲ್ಲೇ! ಹೊಸ ಕಾರ್ಪೆಟ್ಟು. ನಿನ್ನ ಕಾಲು ನೋಡ್ಕೋ" ಎಂದ ಧಣಿ.

ಅವನು ಹೊಸ್ತಿಲಾಚೆ ನಿಂತ. ಸಾಹೇಬನ ಫೋನಿನಲ್ಲಿ ಊರೆಲ್ಲ ನೋಡಿದ್ದ ವಿಡಿಯೋ ಓಡುತ್ತಿತ್ತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹೊಲಸು ನೀರಿನ ಟ್ಯಾಂಕು. ಅದರ ಅಂಚಿನಲ್ಲಿ ಇಬ್ಬರು ಕೆಲಸಗಾರರು. ಮೂಗಿಗೆ ಮಾಸ್ಕಿಲ್ಲ, ಸೊಂಟಕ್ಕೆ ಹಗ್ಗವಿಲ್ಲ. 'ಇಳೀರೋ ಸೂಳೆಮಕ್ಕಳಾ, ಇಲ್ಲಾಂದ್ರೆ ನಾಳೆಯಿಂದ ಗೇಟ್ ಹತ್ರ ಕಾಣಿಸ್ಕೋಬೇಡಿ' ಎಂಬ ಮ್ಯಾನೇಜರನ ದನಿ. ಇಳಿದವರು ಮತ್ತೆ ಹತ್ತಲಿಲ್ಲ. ಕುಡಿದು ಬಿದ್ದು ಸತ್ತರು ಎಂದು ಕಾರ್ಖಾನೆಯವರು ಬರೆಸಿದರು, ಸಾಹೇಬ ಬರೆದುಕೊಂಡ. ಈಗ ಈ ವಿಡಿಯೋ ಕಾರ್ಖಾನೆಯವರ ಮುಖಕ್ಕೂ ಸಾಹೇಬನ ಮುಖಕ್ಕೂ ಮಸಿ ಬಳಿದಿತ್ತು.

"ಇದನ್ನ ಹಾಕಿದ್ದು ನಿಮ್ಮ ವೈರಿಂದಲೇ" ಎಂದ ಸಾಹೇಬ. "ಯಾವ ಮನೆ? ಯಾರ ಹೆಸರು?"

ಕಂಪ್ಯೂಟರಿನ ಮುಂದಿದ್ದ ಹೆಣ್ಣುಮಗಳು ತಲೆ ಎತ್ತದೆ ಧಣಿಗೆ ಹೇಳಿದಳು. "ಸಾರ್, ಕೋರ್ಟಿನ ಕಾಗದ ಇಲ್ದೆ ಗಿರಾಕಿ ಹೆಸರು ಕೊಡಬಾರದು ಅಂತ ನೀವೇ ಹೇಳಿದ್ರಲ್ಲ..."

"ಏ, ನನಗೇ ಕಾನೂನು ಓದಿಸ್ತೀಯೇನೇ? ತೆಗಿ ಹೆಸರು!" ಎಂದು ಧಣಿ ಗದರಿದ.

"ಪಾಪ, ಬಯ್ಯಬೇಡಿ" ಎಂದು ಸಾಹೇಬ ನಕ್ಕ. "ಕಾಗದ ತಾನೆ? ನಾಳೆ ಕಳಿಸ್ತೀನಿ. ನಿನ್ನೆ ತಾರೀಖು ಹಾಕಿ ಇಟ್ಕೊಳ್ಳಿ."

ಹೊಸ್ತಿಲಲ್ಲಿ ನಿಂತವನಿಗೆ ಹಳೆಯದೊಂದು ನೆನಪಾಯಿತು. ಇದೇ ಆಫೀಸಿಗೆ ಒಬ್ಬಳು ತಾಯಿ ಮಗಳ ಕೈ ಹಿಡಿದುಕೊಂಡು ಬಂದಿದ್ದಳು. ಕಾರ್ಖಾನೆ ಮಾಲೀಕರ ಮನೆಯ ಕಡೆಯಿಂದ ಆ ಹುಡುಗಿಗೆ ಹೊಲಸು ಹೊಲಸು ಫೋಟೋ ಬರುತ್ತಿದ್ದವು, ಕಳಿಸುವವನ ಹೆಸರು ಬೇಕಿತ್ತು. ಆಗ ಇದೇ ಧಣಿ ಎದೆಯ ಮೇಲೆ ಕೈಯಿಟ್ಟು, "ಗಿರಾಕಿ ಗುಟ್ಟು ಹೆತ್ತ ತಾಯಿಗೂ ಬಿಡಲ್ಲಮ್ಮ ನಾನು. ಜಡ್ಜ್ ಸಹಿ ತನ್ನಿ" ಎಂದಿದ್ದ. ತಾಯಿ ಠಾಣೆಗೂ ಕೋರ್ಟಿಗೂ ಅಲೆದು ಚಪ್ಪಲಿ ಸವೆಸಿದಳು. ಮಗಳು ಓದು ಬಿಟ್ಟಳು. ಉಳ್ಳವರ ಗುಟ್ಟಿಗೆ ಏಳು ಬೀಗ, ಇಲ್ಲದವರದು ಬಾಗಿಲೇ ಇಲ್ಲದ ಮನೆ.

ಕಂಪ್ಯೂಟರಿನವಳು ಹೆಸರು ಓದಿದಳು. ಅದು ಅಕ್ಕನ ಹೆಸರು.

ಅಕ್ಕ ತಮ್ಮ ಇದ್ದದ್ದು ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ. ಬಾಡಿಗೆಯವರು ನಾಳೆ ಹಕ್ಕು ಕೇಳಿಯಾರೆಂದು ಮನೆಯೊಡೆಯ ಯಾರಿಗೂ ಬಾಡಿಗೆ ಕಾಗದ ಕೊಟ್ಟವನಲ್ಲ. ಕಾಗದವಿಲ್ಲದವರಿಗೆ ಇಂಟರ್‌ನೆಟ್ ಇಲ್ಲ. ಇಡೀ ಸಾಲಿನಲ್ಲಿ ವಿಳಾಸವಿದ್ದ ಕಾರ್ಡು ಅಕ್ಕನ ಬಳಿ ಮಾತ್ರ ಇತ್ತು, ಆಸ್ಪತ್ರೆಯಲ್ಲಿ ನೆಲ ಒರೆಸುವವಳೆಂದು ಅಲ್ಲಿಯವರು ಮಾಡಿಸಿಕೊಟ್ಟದ್ದು. 'ಒಂದು ಹೆಸರಲ್ಲಿ ತಗೊಂಡು ಎಲ್ಲರಿಗೂ ಎಳಿಯೋ' ಎಂದು ಉಪಾಯ ಹೇಳಿದವನು ಧಣಿಯೇ. ಏಣಿ ಅಕ್ಕನ ಗೂಡಿನಂಥ ಮನೆಯಲ್ಲಿ ಇಂಟರ್‌ನೆಟ್ ಪೆಟ್ಟಿಗೆ ಕೂರಿಸಿ, ಗೋಡೆ ತೂತು ಮಾಡಿ, ಈ ತುದಿಯಿಂದ ಆ ತುದಿಯವರೆಗೆ ವೈರು ಎಳೆದಿದ್ದ. ಉಪಕಾರ ಮಾಡಿದೆನೆಂದು ಬೀಗಿಯೂ ಇದ್ದ.

"ಸಾಹೇಬ್ರೇ, ಅದು ಇಡೀ ಸಾಲಿನ ವೈರು. ಯಾರು ಹಾಕಿದ್ರೋ ಹೇಳೋಕಾಗಲ್ಲ. ನಮ್ಮಕ್ಕಂಗೆ ಫೋನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ರೆ ಏನೂ ಗೊತ್ತಿಲ್ಲ."

"ಇಡೀ ಸಾಲಿಗೆ ಎಳೆದಿದೀಯಾ? ಕಳ್ಳ ನನ್ಮಗನೇ!" ಧಣಿ ಎದ್ದು ನಿಂತ. "ನೋಡಿ ಸಾಹೇಬ್ರೆ, ನನಗೆ ಗೊತ್ತೇ ಇರಲಿಲ್ಲ."

ಅವನು ಹಾಗೆ ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಸಾಹೇಬ ಟೀ ಮುಗಿಸಿ ಕಪ್ಪು ಪಕ್ಕಕ್ಕಿಟ್ಟ.

"ಟ್ಯಾಂಕಲ್ಲಿ ಸತ್ತವರಲ್ಲಿ ಒಬ್ಬನ ಹೆಂಡ್ತಿ ಅದೇ ಸಾಲಲ್ಲಿದಾಳಂತಲ್ಲ, ಬಟ್ಟೆ ಹೊಲಿಯೋಳು? ಅವಳೇ ಹಾಕಿದ್ದು, ಕಣ್ಣಾರೆ ಕಂಡೆ ಅಂತ ನೀನು ಹೇಳು. ನಿಮ್ಮಕ್ಕನ್ನ ಬಿಡ್ತೀನಿ. ಇಲ್ಲಾಂದ್ರೆ ಹೆಸರು ಯಾರದೋ ಅವರೇ ಕಳ್ಳರು. ಸಂಜೆ ಜೀಪು ತರ್ತೀನಿ, ಅಷ್ಟರೊಳಗೆ ಯೋಚನೆ ಮಾಡು."

ಸಾಲುಮನೆಗೆ ಬಂದಾಗ ಹೊಲಿಗೆಯ ಮಿಷಿನ್ನು ಓಡುತ್ತಿತ್ತು. ಹೊಲಿಗೆಯವಳು ಒಂದು ಕಾಲಲ್ಲಿ ಮಿಷಿನ್ ತುಳಿಯುತ್ತ, ಇನ್ನೊಂದು ಕಾಲಲ್ಲಿ ಜೋಳಿಗೆಯ ಕೂಸನ್ನು ತೂಗುತ್ತಿದ್ದಳು. ಅಕ್ಕ ಆಗಷ್ಟೇ ಕೆಲಸದಿಂದ ಬಂದು, ಅವಳ ಬಾಗಿಲಲ್ಲಿ ಕೂತು ಪಾದ ಒತ್ತಿಕೊಳ್ಳುತ್ತಿದ್ದಳು. ಫಿನಾಯಿಲ್ ವಾಸನೆ ಅವಳಿಗಿಂತ ಮುಂಚೆ ಮನೆ ಸೇರುತ್ತಿತ್ತು.

ಏಣಿ ಎಲ್ಲ ಹೇಳಿದ. ಮಿಷಿನ್ನು ನಿಂತಿತು.

"ನಾನೇ ಹಾಕಿದ್ದು ಅಣ್ಣಾ" ಎಂದಳು ಹೊಲಿಗೆಯವಳು. "ಆ ವಿಡಿಯೋ ತೆಗೆದವನು ಊರು ಬಿಡೋ ಮುಂಚೆ ನನ್ನ ಫೋನಿಗೆ ಹಾಕಿಕೊಟ್ಟು ಹೋದ. ನನ್ನ ಗಂಡ ಕುಡುಕ ಅಂದ್ರಲ್ಲ, ಹೊಟ್ಟೆ ಉರೀತು. ನಾನೇ ಹೋಗ್ತೀನಿ, ಅಕ್ಕ ಯಾಕೆ ಹೋಗ್ಬೇಕು?"

"ಬಾಯ್ಮುಚ್ಚೇ" ಎಂದಳು ಅಕ್ಕ. "ಹಾಲು ಕುಡಿಯೋ ಕೂಸನ್ನ ಲಾಕಪ್ಪಿಗೆ ಹೊತ್ಕೊಂಡು ಹೋಗ್ತೀಯಾ? ಅಲ್ಲಿ ಸೊಳ್ಳೆಗಳಿಗೇ ಅದನ್ನ ಸಾಕೋಕೆ ಕೊಡ್ತೀಯಾ? ನನಗೇನು, ಹಿಂದಿಲ್ಲ ಮುಂದಿಲ್ಲ. ಇವನೊಬ್ಬ ಇದಾನೆ, ಯಾವಾಗ ನೋಡಿದ್ರೂ ಕಂಬದ ಮೇಲೆ, ಕಾಗೆ ಹಂಗೆ."

"ಅಕ್ಕಾ, ತಮಾಷೆ ಅಲ್ಲ. ಹೊಡೀತಾರೆ."

"ಹೊಡೆಸ್ಕೊಂಡು ಅಭ್ಯಾಸ ಇದೆ. ನಿಮ್ಮ ಭಾವ ಇರೋವರೆಗೂ ಹೊಡೆಸ್ಕೊಂಡಿಲ್ವಾ? ಅವನೇನು ಸಾಹೇಬನಿಗಿಂತ ಕಮ್ಮಿನಾ?" ಅಕ್ಕ ಸೀರೆಗೆ ಕೈ ಒರೆಸಿಕೊಂಡು ಹೊಲಿಗೆಯವಳತ್ತ ಸರಿದಳು. "ಈಗ ಹೇಳು, ಅದನ್ನ ಹೆಂಗೆ ಹಾಕೋದು? ನಾನೇ ಹಾಕ್ದೆ ಅಂದ್ಮೇಲೆ ತೋರಿಸು ಅಂತಾರಲ್ಲ. ಕಲಿಸಿಕೊಡು."

ಹೊಲಿಗೆಯವಳು ಅಳುತ್ತ ಫೋನ್ ತೆಗೆದಳು. ಅಕ್ಕನ ಬೆರಳು ನೀರಿನಲ್ಲಿ ನೆಂದು ನೆಂದು ಗೆರೆಯೆಲ್ಲ ಅಳಿಸಿಹೋಗಿದ್ದ ಬೆರಳು. ಫೋನು ಅದನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಅಕ್ಕ ನೆಲ ಒರೆಸುವ ಹಾಗೆ ಗಾಜನ್ನು ಉಜ್ಜಿದಳು. "ಒರೆಸಬೇಡ ಅಕ್ಕಾ, ಮುಟ್ಟು ಅಷ್ಟೇ" ಎಂದಳು ಹೊಲಿಗೆಯವಳು. ಮೊದಲು ಈ ಚಿತ್ರ, ಆಮೇಲೆ ಈ ಬಾಣ, ಆಮೇಲೆ ಕೆಳಗಿನ ನೀಲಿ ಗುಂಡಿ. ಅಕ್ಕ ತಪ್ಪಿದಳು. ಮತ್ತೆ ತಪ್ಪಿದಳು. ಒಮ್ಮೆ ಯಾರಿಗೋ ಕರೆ ಹೋಗಿ, ಆ ಕಡೆಯವರು ಹಲೋ ಅಂದಾಗ ಗಾಬರಿಯಿಂದ ಫೋನನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. ಮೂವರಿಗೂ ನಗು ಬಂತು. ಕೊನೆಗೆ ಹೊಲಿಗೆಯವಳು ತನ್ನ ಕೂಸಿನ ಫೋಟೋ ಕೊಟ್ಟು ಹಾಕಿಸಿದಳು. ಗಾಜಿನ ಮೇಲೆ ಚಕ್ರ ಸುತ್ತಿತು, ನಿಂತಿತು, ಕೂಸಿನ ಮುಖ ಕಾಣಿಸಿತು.

"ಹೋಯ್ತಾ?" ಎಂದಳು ಅಕ್ಕ.

"ಹೋಯ್ತು."

"ಅಷ್ಟೇನಾ? ಇಷ್ಟಕ್ಕೇ ಅಷ್ಟು ದೊಡ್ಡೋರು ಹೆದರ್ಕೋತಾರಾ?"

ಸಾಯುವ ಪಾಠವನ್ನು ಇಷ್ಟು ಉತ್ಸಾಹದಿಂದ ಕಲಿಯುವವರನ್ನು ಏಣಿ ಕಂಡಿರಲಿಲ್ಲ. ಹೊಲಿಗೆಯವಳ ಹೆಸರು ಹೇಳಿಬಿಡೋಣ ಎಂದು ದಾರಿಯುದ್ದಕ್ಕೂ ಅವನ ನಾಲಿಗೆಯ ತುದಿಗೆ ಬಂದಿತ್ತು. ಅದು ನೆನಪಾಗಿ ಅವನು ತಲೆ ತಗ್ಗಿಸಿದ.

ಹೇಳಿದ ಹಾಗೆ ಜೀಪು ಬಂತು. ಮುಂದಿನ ಸೀಟಿನಲ್ಲಿ ಸಾಹೇಬ, ಹಿಂದೆ ಕಾರಿನಲ್ಲಿ ಧಣಿ. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

"ಏನೋ, ಯಾರು ಹಾಕಿದ್ದು?" ಎಂದ ಸಾಹೇಬ.

ಏಣಿ ಬಾಯಿ ತೆರೆಯುವ ಮುಂಚೆ ಅಕ್ಕ ಮುಂದೆ ಬಂದಳು. "ನಾನು ಸಾಹೇಬ್ರೇ. ನಾನೇ ಹಾಕಿದ್ದು. ಬೇಕಾದ್ರೆ ತೋರಿಸ್ತೀನಿ. ಮೊದಲು ಚಿತ್ರ, ಆಮೇಲೆ ಬಾಣ, ಆಮೇಲೆ ನೀಲಿ ಗುಂಡಿ."

"ನಿನ್ನನ್ನ ಯಾರೇ ಕೇಳಿದ್ರು ಮುಂಡೇದೇ? ಹೆಸರು ನಿಂದು ತಾನೆ? ಹತ್ತು."

ಅವಳ ಮುಖ ಸಣ್ಣದಾಯಿತು. ಕಷ್ಟಪಟ್ಟು ಕಲಿತ ಪಾಠವನ್ನು ಯಾರೂ ಕೇಳದೆ ಹೋದರೆ ಆಗುವ ಹಾಗೆ. ಕಾನ್‌ಸ್ಟೇಬಲ್ ಜಡೆಗೆ ಕೈ ಹಾಕಿದ. ಅಕ್ಕ ಎಡವಿ ಬಿದ್ದಳು, ಮೊಣಕಾಲಿನಲ್ಲೇ ಜೀಪಿನವರೆಗೆ ಎಳೆದರು. ಅಡ್ಡ ಬಂದ ಏಣಿಯ ಹೊಟ್ಟೆಗೆ ಬೂಟು ಬಿತ್ತು. ಹೊಲಿಗೆಯವಳ ಮನೆಯ ಕಿಟಕಿ ಮಾತ್ರ ಒಂದು ಗೇಣು ತೆರೆದಿತ್ತು.

ಮರುದಿನ ಏಣಿ ಊಟದ ಡಬ್ಬಿ ಹಿಡಿದುಕೊಂಡು ಠಾಣೆಗೆ ಹೋದ. ತುಂಬ ಹೊತ್ತು ಕಾಯಿಸಿ ಒಳಗೆ ಬಿಟ್ಟರು. ಅಕ್ಕ ಕಂಬಿಯ ಹಿಂದೆ ಗೋಡೆಗೊರಗಿ ಕೂತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಕೈಗೇನಾಯ್ತಕ್ಕಾ?"

"ಏನಿಲ್ಲ. ರಾತ್ರಿ ಕೇಳಿದ್ರು ಕಣೋ, ಹೆಂಗೆ ಹಾಕ್ದೆ ಅಂತ. ಎಲ್ಲಾ ಸರಿಯಾಗಿ ಹೇಳ್ದೆ. ಒಂದೂ ತಪ್ಪಲಿಲ್ಲ." ಅವಳು ನಗಲು ನೋಡಿದಳು. "ಯಾವ ಬೆರಳಲ್ಲಿ ಒತ್ತಿದೆ ಅಂದ್ರು. ತೋರಿಸ್ದೆ."

ಸೆರಗು ಜಾರಿತು. ತೋರುಬೆರಳು ಬುಡದಿಂದ ತುದಿಯವರೆಗೆ ಕಪ್ಪಾಗಿ ಊದಿಕೊಂಡು ಹಿಮ್ಮುಖವಾಗಿ ತಿರುಗಿತ್ತು. ಏಣಿ ಡಬ್ಬಿಯನ್ನು ಕಂಬಿಯ ಸಂದಿಯಲ್ಲಿ ತೂರಿಸಿದ. ಅವಳು ಎಡಗೈಯಲ್ಲಿ ತಿನ್ನಲು ಬಾರದೆ ಚೆಲ್ಲಿಕೊಂಡಳು. ಅವನು ಕಂಬಿಯೊಳಗೆ ಕೈ ಹಾಕಿ ತುತ್ತು ಮಾಡಿ ತಿನ್ನಿಸಿದ. ಚಿಕ್ಕವನಿದ್ದಾಗ ಅವಳು ತಿನ್ನಿಸಿದ್ದು ಹೀಗೆಯೇ.

"ಆಸ್ಪತ್ರೆ ಕೆಲಸ ಹೋಯ್ತಂತೆ" ಎಂದಳು ಅಕ್ಕ ಬಾಯಲ್ಲಿ ತುತ್ತಿಟ್ಟುಕೊಂಡೇ. "ಕೂಸು ಚೆನ್ನಾಗಿದೆಯಾ?"

ಅವನು ಠಾಣೆಯಿಂದ ಹೊರಬಿದ್ದಾಗ ಧಣಿಯ ಫೋನು ಬಂತು. "ಲೋ, ಸಾಲಿನ ವೈರು ಕಿತ್ತು ಸುತ್ಕೊಂಡು ಬಾ. ಬಂದ್ಮೇಲೆ ಒಂದು ಸಹಿ ಹಾಕು, ಕೋರ್ಟಿನ ಕಾಗದ ಬಂದ್ಮೇಲೇ ನಾವು ಹೆಸರು ಕೊಟ್ಟಿದ್ದು ಅಂತ. ನೀನೇ ಸಾಕ್ಷಿ."

"ಆಯ್ತು ಧಣಿಗಳೇ."

ಬೀದಿ ಮೂಲೆಯ ಕಂಬಕ್ಕೆ ಏಣಿ ಒರಗಿಸಿ ಹತ್ತಿದ. ಮೇಲಿನ ಪೆಟ್ಟಿಗೆ ತೆರೆದರೆ ಆ ಭಾಗದ ಬದುಕೆಲ್ಲ ಅಲ್ಲೇ ಇತ್ತು. ಸಾಲುಮನೆಯ ಸಣಕಲು ವೈರು ಒಂದು ಕಡೆ, ಎದುರು ಬೀದಿಯಲ್ಲಿದ್ದ ಧಣಿಯ ಮನೆಯ ಹೊಳೆಯುವ ವೈರು ಇನ್ನೊಂದು ಕಡೆ. ಕೆಳಗೆ ಹೊಲಿಗೆಯವಳು ಕೂಸನ್ನು ಎತ್ತಿಕೊಂಡು ಬಂದು ನಿಂತಳು.

"ಅಣ್ಣಾ, ಅಕ್ಕನ್ನ ಎಳ್ಕೊಂಡು ಹೋಗಿದ್ದನ್ನ ಕಿಟಕಿಯಿಂದ ವಿಡಿಯೋ ತೆಗೆದಿದೀನಿ" ಎಂದಳು ಮೆಲ್ಲಗೆ. "ಹಾಕೋಕೆ ಕೈ ಬರ್ತಿಲ್ಲ. ಹಾಕಿದ್ರೆ ಅದೂ ಅಕ್ಕನ ಹೆಸರಿಗೇ ತಾನೆ? ಇನ್ನೊಂದು ಬೆರಳು..."

ಏಣಿ ಹಲ್ಲಿನಲ್ಲಿದ್ದ ಕಟಿಂಗ್ ಪ್ಲೇಯರನ್ನು ಕೈಗೆ ತೆಗೆದುಕೊಂಡ. ಆಮೇಲೆ ಸಾಲುಮನೆಯ ವೈರನ್ನು ಅದರ ಜಾಗದಿಂದ ಕಿತ್ತ. ಧಣಿಯ ಮನೆಯ ವೈರಿನ ಸಿಪ್ಪೆ ಸುಲಿದ. ಎರಡನ್ನೂ ಬಣ್ಣಕ್ಕೆ ಬಣ್ಣ ಸೇರಿಸಿ ಹೊಸೆದು, ಮೇಲೆ ಟೇಪು ಸುತ್ತಿದ. ಅವನ ಕೆಲಸದಲ್ಲಿ ಅಷ್ಟು ಚೊಕ್ಕ ಗಂಟು ಅವನು ಎಂದೂ ಹಾಕಿರಲಿಲ್ಲ.

"ಈಗ ಹಾಕಮ್ಮಾ" ಎಂದ. "ಈಗ ಯಾರು ಕೇಳಿದ್ರೂ ಧಣಿ ಹೆಸರೇ ಬರೋದು. ಅವನ ಗುಟ್ಟಿಗೆ ಜಡ್ಜ್ ಸಹಿ ಬೇಕು. ಸಾಹೇಬ್ರೇ ಅಲೆದಾಡ್ಲಿ."

ಹೊಲಿಗೆಯವಳು ಕೂಸನ್ನು ಸೊಂಟಕ್ಕೆ ಸರಿಸಿಕೊಂಡು ಫೋನ್ ಒತ್ತಿದಳು. ಮೊದಲು ಚಿತ್ರ, ಆಮೇಲೆ ಬಾಣ, ಆಮೇಲೆ ನೀಲಿ ಗುಂಡಿ. ಚಕ್ರ ಸುತ್ತತೊಡಗಿತು. ಅಕ್ಕ ಇದರಿಂದ ಹೊರಗೆ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಮೇಲಿದ್ದವನಿಗೂ ಗೊತ್ತಿತ್ತು.

"ಹೋಯ್ತಾ?"

"ಹೋಯ್ತು."

"ಒಳಗೆ ಹೋಗು. ಬಾಗಿಲು ಹಾಕ್ಕೋ."

ಅವನು ಮಿಕ್ಕ ವೈರು ಬಿಗಿಯುವಷ್ಟರಲ್ಲಿ ವಿಡಿಯೋ ಊರೆಲ್ಲ ಸುತ್ತಿತ್ತು. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಒಂದು ಕೈಯಲ್ಲಿ ವೈರು, ಇನ್ನೊಂದು ಕೈಯಲ್ಲಿ ಕಂಬ, ಅವನು ಎತ್ತಲಿಲ್ಲ. ಫೋನು ನಿಂತಿತು, ಮತ್ತೆ ಬಡಿದುಕೊಂಡಿತು. ಮೇಲಿನಿಂದ ಬೀದಿಯ ತುದಿಯವರೆಗೆ ಕಾಣುತ್ತಿತ್ತು. ತಿರುವಿನಲ್ಲಿ ಜೀಪು ನಿಧಾನವಾಯಿತು. ಅವನನ್ನು ಹುಡುಕಲು ಅವರಿಗೆ ಯಾವ ಕಂಪನಿಯನ್ನೂ ಕೇಳಬೇಕಾಗಿರಲಿಲ್ಲ. ಬುಡಕ್ಕೆ ಟೈರು ಕಟ್ಟಿದ ಏಣಿ ಕಂಬಕ್ಕೆ ಒರಗಿ ನಿಂತಿತ್ತು.